ಭೂದೃಶ್ಯ ತಜ್ಞೆ ಮುನಿಯಲ್ಲಮ್ಮ

ಕೋಗಿಲಿನ ಮುನಿಯಲ್ಲಮ್ಮನವರನ್ನು ಯೋಗಾನಂದರು ಒಂಬತ್ತು ದಿನ ಪ್ರೊಫೆಸರ್ ಎಂದು ನಂಬಿದ್ದರು. ಆ ಒಂಬತ್ತು ದಿನವೂ ಹಾಲಿನ ಬೂತಿನಲ್ಲಿ, ಬೆಳಗಿನ ವಾಕಿಂಗಿನಲ್ಲಿ, ಊಟಕ್ಕೆ ಕೂತಾಗ ಹೆಂಡತಿಯ ಮುಂದೆ, ಆಕೆಯ ಪಾಂಡಿತ್ಯವನ್ನು ಕೊಂಡಾಡಿದರು. ನೋಡಿರಲಿಲ್ಲ, ಅಷ್ಟೇ. ನೋಡದವರ ಪಾಂಡಿತ್ಯ ಹೊಗಳುವುದರಲ್ಲಿ ಒಂದು ಅನುಕೂಲವಿದೆ: ಅವರು ಎದುರಿಗೆ ಬಂದು ಅಡ್ಡಮಾತಾಡುವುದಿಲ್ಲ.

ತಪ್ಪು ಯೋಗಾನಂದರದಲ್ಲ, ಒಂದು ಪದದ್ದು. ಆ ಪದವನ್ನು ಬರೆದು ಗೋಡೆಗೆ ಅಂಟಿಸಿದವರು ಮಾತ್ರ ಅವರೇ.

ಯೋಗಾನಂದರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತರಾದವರು. ತಕ್ಕಡಿಯ ಮುಳ್ಳು ಒಂದು ಕೂದಲಿನಷ್ಟು ವಾಲಿದ್ದರೂ ಅಂಗಡಿಯವನ ಮುಖ ನೋಡಿಯೇ ಹೇಳಬಲ್ಲರು ಎಂದು ಇಲಾಖೆಯಲ್ಲಿ ಹೆಸರಾಗಿದ್ದರು. ನಿವೃತ್ತಿಯಾದ ಮೇಲೆ ಅಳೆಯಲು ಏನೂ ಉಳಿಯದೆ, ಕೋಗಿಲು ರಸ್ತೆಯ ಮಂದಾರ ಬಡಾವಣೆಯ ಉದ್ಯಾನ ಸಂಘಕ್ಕೆ ಕಾರ್ಯದರ್ಶಿಯಾದರು. ಸಂಘದಲ್ಲಿ ನಲವತ್ತು ಸದಸ್ಯರು. ಮೂವತ್ತು ಜನರ ತೋಟ ಕುಂಡಗಳಲ್ಲಿತ್ತು, ಉಳಿದ ಹತ್ತು ಜನರದು ಮಾತಿನಲ್ಲಿ. ವರ್ಷಕ್ಕೊಂದು ಪುಷ್ಪಪ್ರದರ್ಶನ ನಡೆಯುತ್ತಿತ್ತು. ಅದರಲ್ಲಿ ಎಲ್ಲರಿಗೂ ಒಂದೊಂದು ಬಹುಮಾನ ಖಂಡಿತ. ಒಂದು ವರ್ಷ ಖಜಾಂಚಿ ಕೃಷ್ಣಯ್ಯನವರ ಡೇಲಿಯಾಕ್ಕೆ ಏನೂ ಬರದೆ, ಅವರು ನಾಲ್ಕು ತಿಂಗಳು ಯಾರೊಂದಿಗೂ ಮಾತಾಡಿರಲಿಲ್ಲ. ಮರುವರ್ಷದಿಂದ ‘ಕುಂಡದ ಶುಚಿತ್ವ’ ಎಂಬ ಹೊಸ ವಿಭಾಗ ಶುರುವಾಯಿತು. ಅದರಲ್ಲಿ ಸ್ಪರ್ಧಿ ಕೃಷ್ಣಯ್ಯ ಒಬ್ಬರೇ.

2011ರ ಮಳೆಗಾಲದಲ್ಲಿ ಯೋಗಾನಂದರಿಗೆ ಒಂದು ಯೋಚನೆ ಬಂತು. ಸಂಘದಲ್ಲಿ ಒಂದಿಷ್ಟು ಹಣ ಕೂಡಿದೆ. ಪರಿಸರ, ಉದ್ಯಾನ ವಿನ್ಯಾಸ ಇಂಥವನ್ನು ಓದುವ ಒಬ್ಬ ಬಡ ವಿದ್ಯಾರ್ಥಿಗೆ ವರ್ಷವರ್ಷವೂ ವಿದ್ಯಾರ್ಥಿವೇತನ ಕೊಟ್ಟರೆ ಹೇಗೆ? ಆಯ್ಕೆಯಾದವರು ಬಡಾವಣೆಯ ಪಾರ್ಕಿನ ಪಾಳುಬಿದ್ದ ಮೂಲೆಗೆ ಒಂದು ಯೋಜನೆ ಮಾಡಿಕೊಡಬೇಕು. ಮೂವತ್ತೊಂದು ವರ್ಷ ಇನ್ನೊಬ್ಬರ ತಪ್ಪನ್ನೇ ಹುಡುಕಿದ ಮನುಷ್ಯನಿಗೆ, ಒಮ್ಮೆ ಯಾರದಾದರೂ ಸರಿಯನ್ನು ಹುಡುಕಬೇಕು ಅನ್ನಿಸಿತ್ತು. ಇದನ್ನು ಅವರು ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಜನ ನಗುತ್ತಿದ್ದರು.

ಅಧ್ಯಕ್ಷೆ ಶಶಿರೇಖಾ ಅವರಿಗೆ ಇದು ಹಿಡಿಸಲಿಲ್ಲ. ಪಾರ್ಕಿನ ಆ ಮೂಲೆ ಅವರ ಮನೆಯ ಪಕ್ಕದಲ್ಲೇ ಇತ್ತು. ಅಲ್ಲೊಂದು ಬಣ್ಣದ ದೀಪದ ಕಾರಂಜಿ ಏಳಬೇಕು, ಅದರ ಮುಂದೆ ತಮ್ಮ ಹೆಸರಿನ ಕಲ್ಲು ಇರಬೇಕು ಎಂದು ಅವರು ಎರಡು ವರ್ಷದಿಂದ ಕನಸು ಕಂಡಿದ್ದರು. ಕೊನೆಗೆ ರಾಜಿಯಾಯಿತು. ಡಿಸೆಂಬರಿನ ಪುಷ್ಪಪ್ರದರ್ಶನದ ಒಳಗೆ ನಿಯಮಾವಳಿಯ ಪ್ರಕಾರ ಒಬ್ಬ ವಿದ್ಯಾರ್ಥಿಯ ಆಯ್ಕೆಯಾದರೆ ಸರಿ, ಇಲ್ಲದಿದ್ದರೆ ಯೋಜನೆ ರದ್ದು, ಹಣವೆಲ್ಲ ಕಾರಂಜಿಗೆ.

“ನಿಯಮದ ಪ್ರಕಾರ ಅಂದ್ರೆ ನಿಯಮದ ಪ್ರಕಾರ, ಯೋಗಾನಂದ್ ಅವರೇ. ಆಮೇಲೆ ಅಡ್ಜಸ್ಟ್ ಮಾಡಿ ಅನ್ಬಾರ್ದು,” ಎಂದರು ಶಶಿರೇಖಾ.

“ನಾನು ಜನ್ಮದಲ್ಲಿ ಅಡ್ಜಸ್ಟ್ ಮಾಡಿಲ್ಲ ಮೇಡಂ,” ಎಂದರು ಯೋಗಾನಂದ. ಅದು ನಿಜ. ಅದೇ ತೊಂದರೆಯೂ ಆಯಿತು.

ನಿಯಮಾವಳಿ ಬರೆದವರು ಅವರೇ. ಒಬ್ಬ ವಿದ್ಯಾರ್ಥಿಗಾಗಿ ಹದಿನಾಲ್ಕು ಪುಟ. ಅದರ ಒಂಬತ್ತನೇ ನಿಯಮ ಹೀಗಿತ್ತು: ‘ಭೂದೃಶ್ಯದಲ್ಲಿ ಹತ್ತು ವರ್ಷಕ್ಕೆ ಕಡಿಮೆಯಿಲ್ಲದ ಅನುಭವವುಳ್ಳ ಹೊರಗಿನ ಪರೀಕ್ಷಕರೊಬ್ಬರು ಆಯ್ಕೆ ಸಮಿತಿಯಲ್ಲಿ ಇರತಕ್ಕದ್ದು. ಇಲ್ಲವಾದಲ್ಲಿ ಆಯ್ಕೆಯು ಅಸಿಂಧು.’ ಲ್ಯಾಂಡ್‌ಸ್ಕೇಪ್ ಎಂದು ಬರೆದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಕನ್ನಡದಲ್ಲಿ ಕನ್ನಡವೇ ಇರಬೇಕೆಂಬ ಹಟಕ್ಕೆ, ಮೂರು ನಿಘಂಟು ತಿರುವಿ ಅವರು ‘ಭೂದೃಶ್ಯ’ವನ್ನು ಹಿಡಿದು ತಂದಿದ್ದರು.

ಪರೀಕ್ಷಕರಾಗಿ ಬನ್ನಿ ಎಂದು ಆರು ಜನ ಪ್ರಾಧ್ಯಾಪಕರಿಗೆ ಪತ್ರ ಹೋಯಿತು. ನಾಲ್ವರು ಉತ್ತರಿಸಲಿಲ್ಲ. ಒಬ್ಬರು ತಮಗೆ ಹೂವಿನ ಪರಾಗ ಆಗಿಬರುವುದಿಲ್ಲ ಎಂದರು. ಇನ್ನೊಬ್ಬರು ತಮ್ಮ ಸಂಭಾವನೆಯ ದರ ಬರೆದು ಕಳಿಸಿದರು. ಅದು ವಿದ್ಯಾರ್ಥಿವೇತನಕ್ಕಿಂತ ದೊಡ್ಡದಿತ್ತು. ನವೆಂಬರ್ ಬಂತು. ಬೇರೆ ದಾರಿ ಕಾಣದೆ ಯೋಗಾನಂದರು ಹಾಲಿನ ಬೂತಿನ ಗೋಡೆಗೆ ಒಂದು ಚೀಟಿ ಅಂಟಿಸಿದರು: ‘ವಿದ್ಯಾರ್ಥಿಗಳ ಹಿತಕ್ಕಾಗಿ ಭೂದೃಶ್ಯ ಪರಿಣತರು ಬೇಕಾಗಿದ್ದಾರೆ. ಅನುಭವ ಕನಿಷ್ಠ ಹತ್ತು ವರ್ಷ.’ ಕೆಳಗೆ ಫೋನ್ ನಂಬರು.

“ಭೂದೃಶ್ಯ ಅಂದ್ರೇನ್ರೀ?” ಎಂದು ಕೇಳಿದರು ಹೆಂಡತಿ ಜ್ಯೋತಿಲಕ್ಷ್ಮಿ.

“ಗೊತ್ತಿರೋರಿಗೆ ಗೊತ್ತಾಗುತ್ತೆ.”

ಮೊದಲು ಫೋನ್ ಮಾಡಿದವನು ಮದುವೆ ವಿಡಿಯೋ ತೆಗೆಯುವವನು. ದೃಶ್ಯ ಎಂದರೆ ವಿಡಿಯೋ ಎಂದುಕೊಂಡಿದ್ದ. ಭೂಮಿಪೂಜೆ, ಗೃಹಪ್ರವೇಶ, ಎರಡಕ್ಕೂ ಒಂದೇ ರೇಟು ಎಂದ. ಯೋಗಾನಂದರು ಫೋನ್ ಇಟ್ಟರು. ಎರಡನೆಯ ಫೋನು ಹೆಂಗಸಿನದು.

“ಸಾ, ನಾನು ಕೋಗಿಲಿಂದ ಮುನಿಯಲ್ಲಮ್ಮ. ಬೂತ್‌ತಾವ ಚೀಟಿ ನೋಡ್ದೆ. ನಾನು ಇಪ್ಪತ್ತೊರ್ಸದಿಂದ ಅದೇ ಮಾಡ್ತಾ ಇವ್ನಿ.”

ಯೋಗಾನಂದರು ಕುರ್ಚಿಯಲ್ಲಿ ನೆಟ್ಟಗಾದರು. “ಇಪ್ಪತ್ತು ವರ್ಷದ ಅನುಭವ. ಬಹಳ ಸಂತೋಷ. ತಮ್ಮ ಕ್ಷೇತ್ರ ಯಾವುದು?”

“ಇತ್ತಗೆ ಕೋಗಿಲು, ಅಗ್ರಹಾರ. ಅತ್ತಗೆ ಬಾಗಲೂರ್ ಗಂಟ. ಅದ್ರಾಚೆಗೆ ನಾನು ಓಗಲ್ಲ ಸಾ, ಅಲ್ಲಿ ಬ್ಯಾರೆಯೋರು ಅವ್ರೆ.”

ಕ್ಷೇತ್ರಕಾರ್ಯ ಮಾಡುವವರು, ಇನ್ನೊಬ್ಬರ ಸಂಶೋಧನೆಗೆ ಕೈಹಾಕದವರು ಎಂದು ಯೋಗಾನಂದರು ಮನಸ್ಸಿನಲ್ಲೇ ಗುರುತು ಹಾಕಿಕೊಂಡರು. ಹಳ್ಳಿಯ ಮಾತನ್ನು ಬಿಟ್ಟುಕೊಡದ ವಿದ್ವಾಂಸೆ ಎಂದು ಇನ್ನಷ್ಟು ಗೌರವ ಹುಟ್ಟಿತು.

“ಇದುವರೆಗೆ ಎಷ್ಟು ಜನಕ್ಕೆ ಮಾರ್ಗದರ್ಶನ ಮಾಡಿದ್ದೀರಿ?”

“ಎಣ್ಸಿಲ್ಲ ಸಾ. ಮುನ್ನೂರು ಜನ ಆಗ್ಬೋದು. ದಾರಿ ತಪ್ಪಿಸ್ಕಂತಾರೆ ಅಂತ ನಾನೇ ಮುಂದೆ ನಿಂತು ಕರ್ಕಂಡ್ ಓಗ್ತೀನಿ.”

ಮುನ್ನೂರು ಜನ. ಯೋಗಾನಂದರ ಕಣ್ಣು ತೇವವಾಯಿತು. ಮರುದಿನವೇ ಆಹ್ವಾನಪತ್ರ ಅಚ್ಚಿಗೆ ಹೋಯಿತು: ‘ಪರೀಕ್ಷಕರು: ಪ್ರೊ. ಮುನಿಯಲ್ಲಮ್ಮ, ಭೂದೃಶ್ಯ ತಜ್ಞೆ.’ ಒಂದು ಶಾಲು, ಒಂದು ಹಣ್ಣಿನ ಬುಟ್ಟಿ, ಒಂದು ಮೈಸೂರು ಪೇಟವನ್ನೂ ತಂದಿಟ್ಟರು.

ಮುನಿಯಲ್ಲಮ್ಮ ಯಾರೆಂದು ಅವರಿಗೆ ಆಮೇಲೆ ಗೊತ್ತಾಯಿತು. ಬೇರೆಯವರಿಗೆ ಆ ಮೊದಲೇ ಗೊತ್ತಿತ್ತು, ಆದರೆ ಯೋಗಾನಂದರ ಪ್ರೊಫೆಸರ್ ಇದೇ ಮುನಿಯಲ್ಲಮ್ಮ ಎಂದು ಯಾರಿಗೂ ಹೊಳೆದಿರಲಿಲ್ಲ. ಕೋಗಿಲು, ಯಲಹಂಕದ ಸುತ್ತ ಬಾಡಿಗೆ ಮನೆ, ಸೈಟು ತೋರಿಸುವ ಬ್ರೋಕರ್ ಆಕೆ. ತಂದೆ ಚಿಕ್ಕಮಾರಯ್ಯ ಊರಿನ ನೀರುಗಂಟಿ. ಕೆರೆಯ ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿ ಬಿಡುವ ಕೆಲಸ. ಗಂಡುಮಕ್ಕಳಿಲ್ಲದ ಚಿಕ್ಕಮಾರಯ್ಯ ಗುದ್ದಲಿಯನ್ನು ಮಗಳ ಹೆಗಲಿಗೆ ಹಾಕಿ ಕಾಲುವೆಯುದ್ದಕ್ಕೂ ಕರೆದುಕೊಂಡು ಹೋಗುತ್ತಿದ್ದ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಹುಡುಗಿಗೆ ಸುತ್ತಲಿನ ನೆಲದ ಏರುತಗ್ಗು ಅಂಗಾಲಿನಲ್ಲೇ ಬಾಯಿಪಾಠವಾಯಿತು.

ಆಮೇಲೆ ಗದ್ದೆಗಳು ಹೋಗಿ ಸೈಟುಗಳು ಬಂದವು. ಒಂದು ದಿನ ಯಾರೋ ನಿವೃತ್ತ ಪೋಸ್ಟ್ ಮಾಸ್ಟರು ತಾವು ಕೊಳ್ಳಬೇಕೆಂದಿದ್ದ ಸೈಟಿನ ದಾರಿ ಕೇಳಿದರು. ಮುನಿಯಲ್ಲಮ್ಮ ಕರೆದೊಯ್ದು ತೋರಿಸಿ, “ಇದು ಬ್ಯಾಡ, ಮಳೆಗಾಲ್ದಾಗೆ ಇಲ್ಲಿ ಮೀನು ಇಡೀತಿದ್ವಿ,” ಎಂದು ಹೇಳಿ ಪಕ್ಕದ ದಿಬ್ಬದ ಮೇಲಿನದನ್ನು ತೋರಿಸಿದರು. ದಿಬ್ಬದ ಸೈಟಿನ ಯಜಮಾನ ಖುಷಿಯಾಗಿ ಒಂದು ಸೀರೆ ಕೊಟ್ಟ. ಭೂಮಿಯನ್ನು ಉಳದೆ, ಬಿತ್ತದೆ, ಬರೀ ತೋರಿಸಿದರೂ ಬೆಳೆ ಬರುತ್ತದೆ ಎಂದು ಆಕೆಗೆ ಅಂದು ಹೊಳೆಯಿತು.

2008ರಲ್ಲಿ ಏರ್‌ಪೋರ್ಟ್ ಶುರುವಾದ ಮೇಲಂತೂ ಆ ಕಡೆಯ ರಸ್ತೆಗೆ ಮೈಲಿಗೆ ಹತ್ತು ಬ್ರೋಕರುಗಳಾದರು. ಬಿಳಿ ಕಾರು, ಬಿಳಿ ಷರ್ಟು, ಕತ್ತಿನಲ್ಲಿ ಚೈನು. ಅವರು ಒಳ್ಳೆ ಬಿಸಿಲಿನಲ್ಲಿ ಗಿರಾಕಿಗಳನ್ನು ಕರೆದೊಯ್ದು, ಮಜ್ಜಿಗೆ ಕೊಟ್ಟು, ಕೊಡೆ ಹಿಡಿದು ಸೈಟು ತೋರಿಸುತ್ತಿದ್ದರು. ಮುನಿಯಲ್ಲಮ್ಮ ಮಾತ್ರ ಮಳೆ ಬಂದಾಗ ಫೋನ್ ಮಾಡಿ, “ಈಗ ಬನ್ನಿ, ನೋಡೋವ್ರಂತೆ,” ಎನ್ನುತ್ತಿದ್ದರು.

“ಜಾಗಾನ ಮಳೇಲಿ ನೋಡ್ಬೇಕು, ಬೀಗರನ್ನ ಊಟ ಆದ್ಮೇಲೆ ನೋಡ್ಬೇಕು,” ಎಂಬುದು ಆಕೆಯ ಸಿದ್ಧಾಂತ.

ಇದರಿಂದ ವ್ಯಾಪಾರ ಕಡಿಮೆಯಾಗುವುದಿಲ್ಲವೇ ಎಂದು ಕೇಳಿದವರಿಗೆ, “ಬಿಳಿ ಕಾರಿನೋರು ಮಾರ್ಬುಟ್ಟು ಓಗ್ತಾರೆ. ನಾನು ಎಲ್ಲಿಗೋಗ್ಲಿ? ಬೆಳಗಾದ್ರೆ ಅದೇ ಜನದ ಜೊತೆ ಆಲ್ಗೆ ಲೈನಾಗೆ ನಿಂತ್ಕಬೇಕು,” ಎನ್ನುತ್ತಿದ್ದರು. ಧರ್ಮಕ್ಕಲ್ಲ, ಹಾಲಿಗಾಗಿ. ಗಂಡ ಮುನಿಆಂಜಿನಪ್ಪ ಶಾಮಿಯಾನ ಬಾಡಿಗೆಗೆ ಕೊಡುವ ಮನುಷ್ಯ. “ನಮ್ಮನೇಲಿ ಬಾಡಿಗೆಗಿಲ್ಲದಿರೋ ಐಟಂ ನಾನೊಬ್ನೇ,” ಎನ್ನುತ್ತಿದ್ದ.

ಸಂದರ್ಶನದ ಭಾನುವಾರ ಯೋಗಾನಂದರು ಸಮುದಾಯ ಭವನದ ಗೇಟಿನಲ್ಲಿ ಒಂದು ಕೆಂಪು ಗುಲಾಬಿ ಹಿಡಿದು ಕಾರಿಗಾಗಿ ಕಾಯುತ್ತಿದ್ದರು. ಬಂದದ್ದು ಒಂದು ಮೊಪೆಡ್. ಅದರ ಮೇಲೆ ಐವತ್ತರ ಹೆಂಗಸು, ಹವಾಯಿ ಚಪ್ಪಲಿ, ಸೊಂಟದಲ್ಲಿ ಮೂವತ್ತು ಬೀಗದ ಕೈಗಳ ಗೊಂಚಲು.

“ಅಡುಗೆಯವರು ಹಿಂದಿನ ಬಾಗಿಲಿಂದ ಬರ್ಬೇಕಮ್ಮ,” ಎಂದರು ಯೋಗಾನಂದ.

“ಅಡುಗೆ ಅಲ್ಲ ಸಾ. ನಾನು ಮುನಿಯಲ್ಲಮ್ಮ.”

ಯೋಗಾನಂದರು ಮೊಪೆಡ್ಡನ್ನೂ ಬೀಗದ ಕೈಗಳನ್ನೂ ನೋಡಿದರು. ಆಮೇಲೆ, ನಿಜವಾದ ವಿದ್ವತ್ತು ಇರುವುದೇ ಹೀಗೆ, ಸರಳವಾಗಿ, ಎಂದು ತಮಗೆ ತಾವೇ ಹೇಳಿಕೊಂಡು ಗುಲಾಬಿ ಕೊಟ್ಟರು. ಮುನಿಯಲ್ಲಮ್ಮ ಅದನ್ನು ತುರುಬಿಗೆ ಸಿಕ್ಕಿಸಿಕೊಂಡು, ಚೀಲದಿಂದ ಆಹ್ವಾನಪತ್ರ ತೆಗೆದರು.

“ಸಾ, ಇದ್ರಲ್ಲಿ ಒಂದು ಅಕ್ಸರ ತಪ್ಪು ಬಿದ್ದೈತೆ. ‘ಬ್ರೋ’ ಅಂತ ಹಾಕೋ ಕಡೆ ‘ಪ್ರೊ’ ಅಂತ ಹಾಕವ್ರೆ.”

“ಬ್ರೋ?”

“ಬ್ರೋಕರ್ ಮುನಿಯಲ್ಲಮ್ಮ ಅನ್ನೋದನ್ನ ಸಾರ್ಟಾಗಿ. ಪರ್ವಾಗಿಲ್ಲ ಬುಡಿ, ಜನಕ್ ಗೊತ್ತಾಗ್ತದೆ. ಎಲ್ಲಿ ಮಕ್ಳು? ಆಸ್ಟಲ್ ಕಟ್ಟಕ್ಕೆ ಎಷ್ಟಡಿ ಜಾಗ ನೋಡ್ಬೇಕು?”

ಮೂವತ್ತೊಂದು ವರ್ಷ ಕಳ್ಳತೂಕದವರನ್ನು ಹಿಡಿದ ಯೋಗಾನಂದರಿಗೆ, ಸಿಕ್ಕಿಬಿದ್ದಾಗ ಅಂಗಡಿಯವರ ಬಾಯಿ ಯಾಕೆ ಒಣಗುತ್ತಿತ್ತು ಎಂಬುದು ಅಂದು ಅರ್ಥವಾಯಿತು. ಒಳಗೆ ಮೂರು ಜನ ವಿದ್ಯಾರ್ಥಿಗಳು ಕಾಯುತ್ತಿದ್ದಾರೆ. ಮುಂದಿನ ಭಾನುವಾರ ಪುಷ್ಪಪ್ರದರ್ಶನ. ಇವತ್ತು ಪರೀಕ್ಷಕರಿಲ್ಲವೆಂದರೆ ಆಯ್ಕೆ ಅಸಿಂಧು, ವಿದ್ಯಾರ್ಥಿವೇತನ ಹುಟ್ಟುವ ಮೊದಲೇ ಸತ್ತಂತೆ. ಅಷ್ಟರಲ್ಲಿ ರೇಷ್ಮೆ ಸೀರೆ ಸರಭರ ಎನ್ನಿಸುತ್ತ ಶಶಿರೇಖಾ ಬಂದೇಬಿಟ್ಟರು.

“ಪ್ರೊಫೆಸರ್ ಬಂದ್ರಾ?”

ಯೋಗಾನಂದರು ಜೀವಮಾನದ ಮೊದಲ ಅಡ್ಜಸ್ಟ್ ಮಾಡಿದರು. “ಬಂದ್ರು ಮೇಡಂ. ಇವರೇ.”

ಶಶಿರೇಖಾ ಅಡಿಯಿಂದ ಮುಡಿಯವರೆಗೆ ನೋಡಿದರು. ಹವಾಯಿ ಚಪ್ಪಲಿಯ ಹತ್ತಿರ ಸ್ವಲ್ಪ ಹೊತ್ತು ನಿಂತರು. ಕೊನೆಗೆ, “ಹೌ ಸಿಂಪಲ್,” ಎಂದು ಕೈಮುಗಿದರು.

ಒಳಗೆ ಹೋಗುವಾಗ ಯೋಗಾನಂದರು ಪಿಸುಗುಟ್ಟಿದರು: “ಅಮ್ಮ, ತಪ್ಪು ನನ್ದೇ. ಜಾಗ ನೋಡೋದಲ್ಲ ಇದು. ಮೂರು ಮಕ್ಕಳಲ್ಲಿ ಒಬ್ಬರನ್ನ ಆರಿಸ್ಬೇಕು. ನೀವು ಸುಮ್ನೆ ಕೂತಿದ್ರೆ ಸಾಕು, ಏನೂ ಕೇಳ್ಬೇಡಿ.”

“ಕೇಳ್ದಲೆ ಎಂಗೆ ಸಾ ಆರ್ಸೋದು? ಬಾಡಿಗೆಗ್ ಬರೋರ್ನೇ ನಾನು ನಾಕ್ ಮಾತು ಕೇಳ್ದೆ ಒಳೀಕ್ ಬಿಡಲ್ಲ.”

ಶಾಲು ಹೊದಿಸಿದ್ದಾಯಿತು. ಪೇಟ ಇಟ್ಟದ್ದೂ ಆಯಿತು. ಅದು ತುರುಬಿನ ಗುಲಾಬಿಯ ಮೇಲೆ ಕೂತು ಒಂದು ಕಡೆಗೆ ವಾಲಿತು. “ತಲೆ ಮ್ಯಾಲೆ ಮಕ್ರಿ ಇಟ್ಟಂಗೈತೆ,” ಎಂದರು ಮುನಿಯಲ್ಲಮ್ಮ. ಆದರೆ ತೆಗೆಯಲಿಲ್ಲ.

ಮೂವರಲ್ಲಿ ಒಬ್ಬ ಮೊದಲೇ ಫೋನ್ ಮಾಡಿದ್ದ ವಿಡಿಯೋದವನು, ಇನ್ನೂ ಆಸೆ ಬಿಡದೆ ಕ್ಯಾಮೆರಾ ಸಮೇತ ಬಂದಿದ್ದ. ಅವನನ್ನು ಕಳಿಸಿದ ಮೇಲೆ ಉಳಿದವರು ಇಬ್ಬರು.

ಮೊದಲು ಗೋಕುಲ್ ಎಂಬ ಹುಡುಗ. ಉದ್ಯಾನ ವಿನ್ಯಾಸ ಓದುತ್ತಿದ್ದವನು. ಗೋಡೆಯ ಮೇಲೆ ಲ್ಯಾಪ್‌ಟಾಪಿನಿಂದ ಚಿತ್ರ ಬಿಟ್ಟ. ಪಾರ್ಕಿನ ಪಾಳು ಮೂಲೆ ಗುರುತೇ ಸಿಗದಂತಾಗಿತ್ತು. ಮಖಮಲ್ಲಿನ ಹುಲ್ಲು, ಯಾವುದೋ ದೇಶದ ಮರಗಳು, ನಾಯಿ ಹಿಡಿದು ನಡೆಯುತ್ತಿರುವ ಬಿಳಿ ಹೆಂಗಸು, ನಡುವೆ ನೀಲಿ ದೀಪದ ಕಾರಂಜಿ. ಶಶಿರೇಖಾ ಅವರ ಮುಖದ ಮೇಲೂ ನೀಲಿ ಬೆಳಕು ಬಿತ್ತು.

“ಕಾನ್ಸೆಪ್ಟ್ ಏನಂದ್ರೆ ಮೇಡಂ, ಸೈಲೆನ್ಸ್. ನಿಶ್ಶಬ್ದ,” ಎಂದ ಗೋಕುಲ್.

ಆಗ ಸರಿಯಾಗಿ ಮೇಲೊಂದು ವಿಮಾನ ಹೋಯಿತು. ಕಿಟಕಿಯ ಗಾಜು ಅದುರಿತು. ಅದು ಹೋಗುವವರೆಗೆ ಎಲ್ಲರೂ ಕಾದರು.

“ಎಷ್ಟೊತ್ತಿಂದ ಎಷ್ಟೊತ್ತಿನ್ ಗಂಟ ಇರ್ತದಪ್ಪ, ಈ ನಿಸ್ಸಬ್ದ?” ಎಂದು ಕೇಳಿದರು ಮುನಿಯಲ್ಲಮ್ಮ.

ಯೋಗಾನಂದರು ಮೇಜಿನ ಕೆಳಗೆ ಕಾಲು ಅದುಮಿದರು. ಅದು ಶಶಿರೇಖಾ ಅವರ ಕಾಲು.

“ಉತ್ರ ಯಾವ ಕಡೆ ಬತ್ತದೆ, ಈ ಚಿತ್ರದಾಗೆ? ರೋಡ್ ಎಷ್ಟಡೀದು? ಪಕ್ಕದ ಜಾಗ ಯಾರ್ದು, ಕೇಳ್ದಾ?” ಮುನಿಯಲ್ಲಮ್ಮನವರಿಗೆ ಬಾಯಿಗೆ ಬಂದದ್ದು ದಿನವೂ ಗಿರಾಕಿಗಳು ಕೇಳುವ ಪ್ರಶ್ನೆಗಳೇ. ಗೋಕುಲ್ ಬೆವತ. ಇಷ್ಟು ಬುಡಕ್ಕೆ ಕೈಹಾಕುವ ಪರೀಕ್ಷಕರನ್ನು ಅವನು ಕಾಲೇಜಿನಲ್ಲೂ ಕಂಡಿರಲಿಲ್ಲ.

“ವೆರಿ ಡೀಪ್,” ಎಂದು ಶಶಿರೇಖಾ ಯೋಗಾನಂದರ ಕಿವಿಯಲ್ಲಿ ಹೇಳಿದರು.

“ಓಗ್ಲಿ ಬುಡು. ಅಲ್ಲಿ ಬೀಳೋ ನೀರು ಎಲ್ಲಿಗೋಗ್ತದೆ, ಅದೊಂದೇಳು.”

“ಅದು ಡ್ರೈನೇಜ್ ಕನ್ಸಲ್ಟೆಂಟ್ ನೋಡ್ಕೋತಾರೆ ಮೇಡಂ.”

“ಅವ್ರು ಯಾವೂರೋರು?”

ಗೋಕುಲ್ ನೀರು ಕುಡಿದ.

ಆಮೇಲೆ ಬಂದವಳು ಜಹೀರಾ. ಆರ್.ಟಿ. ನಗರದ ಹುಡುಗಿ, ಪರಿಸರ ವಿಜ್ಞಾನದ ಎಂ.ಎಸ್ಸಿ. ಅಪ್ಪನ ಟೈಲರ್ ಅಂಗಡಿ, ಮನೆಯಲ್ಲಿ ಇನ್ನೂ ಮೂವರು ಓದುವವರು. ಈ ವೇತನ ಸಿಗದಿದ್ದರೆ ಕೊನೆಯ ವರ್ಷ ಓದದೆ ಕೆಲಸಕ್ಕೆ ಸೇರುವುದಾಗಿ ಅರ್ಜಿಯಲ್ಲಿ ನೇರವಾಗಿ ಬರೆದಿದ್ದಳು. ಅವಳ ಹತ್ತಿರ ಲ್ಯಾಪ್‌ಟಾಪ್ ಇರಲಿಲ್ಲ. ಗ್ರಾಫ್ ಹಾಳೆಯ ಮೇಲೆ ಪೆನ್ಸಿಲಿನ ನಕ್ಷೆ, ಅದರ ಒಂದು ಮೂಲೆಗೆ ಕೆಸರು ಮೆತ್ತಿ ಒಣಗಿತ್ತು.

“ಇದೇನಮ್ಮ, ಇಷ್ಟು ಗಲೀಜು?” ಎಂದರು ಶಶಿರೇಖಾ.

“ಸಾರಿ ಮೇಡಂ. ಹೋದ ವಾರ ಮಳೆ ನಿಂತ್ಮೇಲೆ ಜಾಗ ನೋಡೋಕೆ ಬಂದಿದ್ದೆ. ಕಾಲು ಮೊಣಕಾಲ್ ತನಕ ಹೂತೋಯ್ತು. ಪೇಪರ್ ಎತ್ಕೊಂಡೆ, ಚಪ್ಪಲಿ ಅಲ್ಲೇ ಉಳೀತು.”

ಮುನಿಯಲ್ಲಮ್ಮ ಪೇಟವನ್ನು ಹಿಂದಕ್ಕೆ ಸರಿಸಿ ಮುಂದಕ್ಕೆ ಬಾಗಿದರು. “ಎಡಗಾಲ್ದಾ, ಬಲಗಾಲ್ದಾ?”

“ಎಡಗಾಲಿಂದು ಮೇಡಂ.”

“ಅಂಗಾದ್ರೆ ಮನೆ ಸಾಲಿನ ಕಡೆಯಿಂದ ಇಳ್ದಿದೀಯ. ನೀರು ಎಲ್ಲಿಗೋಗ್ತದೆ ಅಲ್ಲಿಂದ?”

“ಎಲ್ಲಿಗ್ ಹೋಗುತ್ತೆ ಅಂತ ಗೊತ್ತಾಗ್ಲಿಲ್ಲ. ಎಲ್ಲಿಂದ ಬರುತ್ತೆ ಅಂತ ಮಾತ್ರ ಗೊತ್ತಾಯ್ತು. ಅದಕ್ಕೇ ಆ ಮೂಲೇನ ಎತ್ತರ ಮಾಡ್ದೆ ಹಾಗೇ ತಗ್ಗಾಗಿ ಬಿಟ್ಟಿದೀನಿ. ಆಪು, ಕೆಸುವು ಥರ ನೀರಲ್ಲಿ ಬೆಳೆಯೋ ಗಿಡ ಹಾಕಿ, ಸುತ್ತ ಹೊಂಗೆ.”

“ಅಂದ್ರೆ ಕಾರಂಜಿ ಇಲ್ವಾ?” ಎಂದರು ಶಶಿರೇಖಾ.

“ಇಲ್ಲ ಮೇಡಂ.”

ಶಶಿರೇಖಾ ತಮ್ಮ ಹಾಳೆಯಲ್ಲಿ ಏನೋ ಬರೆದರು. ಅದು ಸೊನ್ನೆಯೆಂದು ಯೋಗಾನಂದರಿಗೆ ತಲೆಕೆಳಗಾಗಿಯೂ ಓದಲು ಬಂತು.

“ಚಿತ್ರ ನೋಡಿ ಯಾರಾನ ಜಾಗ ತಗಂತಾರಾ?” ಎಂದು ಮುನಿಯಲ್ಲಮ್ಮ ಎದ್ದರು. “ನಡೀರಿ ತೋರಿಸ್ತೀನಿ.”

ಪೇಟ ತೊಟ್ಟ ಬ್ರೋಕರ್ ಮುಂದೆ, ಅಧ್ಯಕ್ಷೆ ಹಿಂದೆ, ಅವರ ಹಿಂದೆ ಯೋಗಾನಂದರೂ ಇಬ್ಬರು ವಿದ್ಯಾರ್ಥಿಗಳೂ. ಮಂದಾರ ಬಡಾವಣೆಯ ಜನ ಗೇಟಿಗೆ ಬಂದು, ಯಾರ ಮದುವೆ ಎಂದು ನೋಡಿದರು. ಪಾರ್ಕಿನ ಮೂಲೆ ತಲುಪಿದಾಗ ಶಶಿರೇಖಾ, “ಇಲ್ಲೇ ನೋಡಿ ಪ್ರೊಫೆಸರ್, ಈ ಪಾಯಿಂಟಲ್ಲಿ ನಮ್ಮ ಕಾರಂಜಿ,” ಎಂದು ನಾಲ್ಕು ಹೆಜ್ಜೆ ಮುಂದೆ ಹೋಗಿ ನಿಂತು ತೋರಿಸಿದರು. ಮೇಲೆ ಹಸಿರು ಹುಲ್ಲು ಮುಗ್ಧವಾಗಿ ಕಾಣುತ್ತಿತ್ತು. ಅಧ್ಯಕ್ಷೆ ಮಾತಾಡುತ್ತಲೇ ಗಿಡ್ಡವಾಗತೊಡಗಿದರು. ಮೊದಲು ಹಿಮ್ಮಡಿ, ಆಮೇಲೆ ಸೀರೆಯ ಅಂಚು.

“ಅಲ್ಲಾಡ್ಬೇಡಿ ಕಣವ್ವ,” ಎಂದು ಮುನಿಯಲ್ಲಮ್ಮ ಅಂಚಿನಲ್ಲಿ ಕಾಲೂರಿ ಅವರನ್ನು ರಟ್ಟೆ ಹಿಡಿದು ಎಳೆದರು. ಶಶಿರೇಖಾ ಬಂದರು. ಒಂದು ಚಪ್ಪಲಿ ಬರಲಿಲ್ಲ. ಅದನ್ನು ಹುಡುಕಲು ಕೋಲು ಹಾಕಿದ ಗೋಕುಲನಿಗೆ ಸಿಕ್ಕಿದ್ದು ಜಹೀರಾಳದು.

“ಇದು ಕೋಡಿ ಕಾಲ್ವೆ,” ಎಂದರು ಮುನಿಯಲ್ಲಮ್ಮ. “ಕೆರೆ ತುಂಬಿದ್ ನೀರು ಇಲ್ಲಿಂದ್ಲೇ ಆಚೀಕೋಗ್ತಿತ್ತು. ಲೇಔಟ್ ಮಾಡ್ದೋನು ಮ್ಯಾಲೆ ಮಣ್ಣು ಮುಚ್ಚವ್ನೆ, ನೀರ್ಗೆ ಮಾತ್ರ ಯಾರೂ ಏಳಿಲ್ಲ. ನಾನು ಈ ಕಡೆ ಸಾಲಿನಾಗೆ ಕೆಳಗಿನ ಮನೆ ಯಾರಿಗೂ ತೋರ್ಸಲ್ಲ.”

‘ತೋರ್ಸಲ್ಲ’ ಎಂಬ ಮಾತು ಶಶಿರೇಖಾ ಅವರ ಕಿವಿಯಲ್ಲಿ ಸಿಕ್ಕಿಕೊಂಡಿತು. ಅದನ್ನು ಅವರು ಬಿಡಿಸಿಕೊಳ್ಳುವಷ್ಟರಲ್ಲಿ, ತಿಂಡಿಯ ವ್ಯವಸ್ಥೆ ಮುಗಿಸಿ ತಡವಾಗಿ ಬಂದ ಖಜಾಂಚಿ ಕೃಷ್ಣಯ್ಯ ದೂರದಿಂದಲೇ ಕೂಗಿದರು:

“ಏನ್ ಮುನಿಯಲ್ಲಮ್ಮ, ತಲೇಗೆ ಏನಿದು ಅವತಾರ? ನಮ್ಮ ಮೇಲಿನ ಪೋರ್ಷನ್‌ಗೆ ಬಾಡಿಗೆಗೆ ಯಾರಾದ್ರೂ ಸಿಕ್ಕಿದ್ರಾ?”

“ನೀವು ಮೊದ್ಲು ಮೋಟ್ರು ರಿಪೇರಿ ಮಾಡ್ಸಿ ಸಾ, ಆಮೇಲೆ ಕರ್ಕಂಡ್ ಬತ್ತೀನಿ.”

ಅಲ್ಲೊಂದು ನಿಶ್ಶಬ್ದ ಹುಟ್ಟಿತು. ಗೋಕುಲನ ಚಿತ್ರದಲ್ಲಿದ್ದದ್ದಕ್ಕಿಂತ ಅದು ದಟ್ಟವಾಗಿತ್ತು.

“ಯೋಗಾನಂದ್ ಅವರೇ,” ಎಂದರು ಒಂಟಿ ಚಪ್ಪಲಿಯ ಶಶಿರೇಖಾ, “ಇವರು ಬ್ರೋಕರಾ?”

“ಹೌದು ಮೇಡಂ.”

“ಅಂದ್ರೆ ಪರೀಕ್ಷಕರೇ ಇಲ್ಲ. ಆಯ್ಕೆ ಅಸಿಂಧು. ಜನ್ಮದಲ್ಲಿ ಅಡ್ಜಸ್ಟ್ ಮಾಡಿಲ್ಲ ಅಂತ ನೀವೇ ಹೇಳಿದ್ರಿ.”

ಯೋಗಾನಂದರು ಜಹೀರಾಳ ಕಡೆ ನೋಡಿದರು. ಅವಳು ಕೆಸರಿನ ಚಪ್ಪಲಿಯನ್ನು ಹುಲ್ಲಿಗೆ ಒರೆಸುತ್ತಿದ್ದಳು, ತಲೆ ಎತ್ತಲಿಲ್ಲ. ತಕ್ಕಡಿಯ ಮುಳ್ಳು ಎತ್ತ ವಾಲಬೇಕೆಂದು ಅವರಿಗೆ ಗೊತ್ತಿತ್ತು, ಹೇಗೆಂದು ಗೊತ್ತಿರಲಿಲ್ಲ. ಜೇಬಿನಿಂದ ನಿಯಮಾವಳಿ ತೆಗೆದು ಒಂಬತ್ತನೆಯದನ್ನು ಓದತೊಡಗಿದರು. ಓದುತ್ತ ಓದುತ್ತ ಅವರ ದನಿ ಇಲಾಖೆಯ ದಿನಗಳದಾಯಿತು.

“‘ಭೂದೃಶ್ಯದಲ್ಲಿ ಹತ್ತು ವರ್ಷಕ್ಕೆ ಕಡಿಮೆಯಿಲ್ಲದ ಅನುಭವವುಳ್ಳವರು.’ ಪ್ರೊಫೆಸರ್ ಅಂತ ಎಲ್ಲೂ ಬರೆದಿಲ್ಲ ಮೇಡಂ. ಭೂ ಅಂದ್ರೆ ಭೂಮಿ. ದೃಶ್ಯ ಅಂದ್ರೆ ಕಾಣೋದು, ಕಾಣಿಸೋದು. ಮುನಿಯಲ್ಲಮ್ಮನವರೇ, ಭೂಮಿ ತೋರಿಸೋಕೆ ಶುರು ಮಾಡಿ ಎಷ್ಟು ವರ್ಷ ಆಯ್ತು?”

“ಇಪ್ಪತ್ತು ತುಂಬ್ತು ಸಾ.”

“ಸಂಘದ ಸದಸ್ಯರಾ?”

“ನಂಗ್ಯಾಕ್ ಸಾ ಅದೆಲ್ಲ.”

“ಹೊರಗಿನವರು, ಇಪ್ಪತ್ತು ವರ್ಷ. ನಿಯಮದ ಪ್ರಕಾರ ಹತ್ತು ವರ್ಷ ಹೆಚ್ಚೇ ಇದೆ. ಕೆಳಗೆ ಅಧ್ಯಕ್ಷರ ಸಹಿ ಇದೆ ಮೇಡಂ, ನಿಮ್ದೇ.”

“ನಾನು ಓದ್ದೆ ಸಹಿ ಹಾಕಿದ್ದೆ.”

“ಅದು ನಿಯಮದಲ್ಲಿಲ್ಲ.”

ಕೃಷ್ಣಯ್ಯ ಇಬ್ಬರನ್ನೂ ನೋಡಿ, “ಅವರು ಹೇಳೋದೂ ಸರಿ, ಇವರು ಹೇಳೋದೂ ಸರಿ,” ಎಂದರು. ಜೀವನದಲ್ಲಿ ಎಲ್ಲ ಜಗಳಗಳಿಗೂ ಅವರು ಇದನ್ನೇ ಹೇಳಿದ್ದರು. ಆದರೆ ಅವರ ಕಣ್ಣು ಅಧ್ಯಕ್ಷೆಯ ಸೀರೆಯ ಅಂಚಿನ ಮೇಲಿತ್ತು. ಅವರ ಮನೆಯೂ ಅದೇ ಸಾಲಿನಲ್ಲಿತ್ತು. “ಈ ಕಾಲುವೆ ನಮ್ಮ ಮನೆ ಕಡೆಗೂ ಬರುತ್ತಾ?” ಎಂದು ಮೆಲ್ಲಗೆ ಕೇಳಿದರು.

“ಮೊದ್ಲು ಅಮ್ಮಾವ್ರ ಅಡುಗೆಮನೆ, ಆಮೇಲೆ ನಿಮ್ದು,” ಎಂದರು ಮುನಿಯಲ್ಲಮ್ಮ. “ಈ ಉಡ್ಗಿ ಏಳ್ದಂಗೆ ತಗ್ಗು ಬಿಟ್ರೆ ಇಲ್ಲೇ ಇಂಗ್ತದೆ. ನಂದು ಈ ಉಡ್ಗಿಗೆ. ಕಾಲಿಟ್ಟು ನೋಡವ್ಳೆ.” ಆಮೇಲೆ ಗೋಕುಲನ ಬೆನ್ನು ತಟ್ಟಿದರು. “ನಿನ್ ಚಿತ್ರಾನೂ ಚೆನ್ನಾಗೈತೆ ಕಣಪ್ಪ. ಎತ್ತರದ ಜಾಗ ಸಿಕ್ದಾಗ ಮಾಡು. ಸಿಗದಿದ್ರೆ ನಂಗೊಂದು ಫೋನಾಕು.”

ಯೋಗಾನಂದರು ಜಹೀರಾಳ ಹೆಸರಿನ ಮುಂದೆ ಸಹಿ ಹಾಕಿದರು. ಅದರ ಕೆಳಗೆ ಮುನಿಯಲ್ಲಮ್ಮ, ಏಳನೇ ಕ್ಲಾಸಿನ ದುಂಡು ಅಕ್ಷರದಲ್ಲಿ. ಕೃಷ್ಣಯ್ಯ ಆ ದಿನ ಎರಡರಲ್ಲಿ ಒಂದನ್ನು ಆರಿಸಿಕೊಂಡರು. ಆಮೇಲೆ ಅದನ್ನು ನೆನೆದು ಅವರಿಗೇ ಸುಸ್ತಾಯಿತಂತೆ. ಮೂರು ಸಹಿ ಬಿದ್ದ ಮೇಲೆ ಅಧ್ಯಕ್ಷರದು ನಿಯಮದ ಪ್ರಕಾರ ಬೀಳಲೇಬೇಕಿತ್ತು. ಯೋಗಾನಂದರ ಬೆನ್ನನ್ನೇ ಮೇಜು ಮಾಡಿಕೊಂಡು, ಒಂಟಿ ಕಾಲಿನ ಮೇಲೆ ನಿಂತು, ಶಶಿರೇಖಾ ಸಹಿ ಹಾಕಿದರು. ಜಹೀರಾ ಎರಡೂ ಕೈಯಲ್ಲಿ ಹಾಳೆ ತೆಗೆದುಕೊಂಡು, “ಅಬ್ಬೂಗೆ ಫೋನ್ ಮಾಡಿ ಬರ್ತೀನಿ ಸರ್,” ಎಂದು ಆ ಕಡೆ ಓಡಿದಳು. ಯೋಗಾನಂದರು ಸ್ವಲ್ಪ ಹೊತ್ತು ಬಗ್ಗಿಯೇ ಇದ್ದರು. ಮುಖ ಒರೆಸಿಕೊಳ್ಳಲು ಅದು ಅನುಕೂಲವಾಗಿತ್ತು.

ಆದರೆ ಎರಡು ವರ್ಷದ ಕಾರಂಜಿ ಅಷ್ಟು ಸುಲಭಕ್ಕೆ ಆರುವುದಿಲ್ಲ. ಶಶಿರೇಖಾ ಪೆನ್ನಿನ ಕ್ಯಾಪು ಹಾಕುತ್ತ ಮುನಿಯಲ್ಲಮ್ಮನ ಕಡೆ ತಿರುಗಿದರು.

“ಒಂದೇ ಒಂದು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ನೀರು ಬರುತ್ತೆ, ನೀರು ಬರುತ್ತೆ ಅಂತೀರ. ಕಾರಂಜಿ ಅಂದ್ರೂ ನೀರೇ ತಾನೇ? ಹೇಗೂ ನೀರಿರೋ ಕಡೆ ಕಾರಂಜಿ ಇಟ್ರೆ ಏನ್ ವ್ಯತ್ಯಾಸ?”

ಮುನಿಯಲ್ಲಮ್ಮ ಪೇಟ ತೆಗೆದು ಯೋಗಾನಂದರ ಕೈಗೆ ಕೊಟ್ಟು, ಮೊಪೆಡ್ ನಿಲ್ಲಿಸಿದ್ದ ಕಡೆಗೆ ಹೊರಟರು.

“ಕಾರಂಜಿಗೆ ಸ್ವಿಚ್ ಐತೆ ಕಣವ್ವ,” ಎಂದರು. “ಮಳೆಗಿಲ್ಲ.”